ಮೈಯೊಳಗಿನ ಪುಟ್ಟ ಕಾರ್ಖಾನೆ

ಅಕ್ಕಂದಿರೇ, ಈ ಪಾಠ ಒಂದು ಸಂಜೆಯ ಮಾತಿನಿಂದ ಶುರುವಾಯಿತು.

ನಮ್ಮ ಕಲಿಕಾ ಕೇಂದ್ರ ಕೆಂಗೇರಿಯಲ್ಲಿದೆ. ಸಂಜೆ ಏಳು ಗಂಟೆಗೆ ತರಗತಿ. ಬರುವವರಲ್ಲಿ ಹೆಚ್ಚಿನವರು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಕೆಲಸ ಮಾಡುವವರು. ಕೆಲವರು ಮನೆಗೆಲಸಕ್ಕೆ ಹೋಗುತ್ತಾರೆ. ಇಬ್ಬರು ಸೊಪ್ಪು ಮಾರುತ್ತಾರೆ. ಕೇಂದ್ರ ಇರುವುದು ಮಹಡಿ ಮೇಲೆ. ಹದಿನೆಂಟು ಮೆಟ್ಟಿಲು.

ಒಬ್ಬ ಅಕ್ಕ ಆ ಹದಿನೆಂಟು ಮೆಟ್ಟಿಲು ಹತ್ತುವುದರೊಳಗೆ ಎರಡು ಸಲ ನಿಲ್ಲುತ್ತಿದ್ದರು. ಏದುಸಿರು ಬಿಡುತ್ತಿದ್ದರು. ಪಾಠದ ನಡುವೆ ತೂಕಡಿಸುತ್ತಿದ್ದರು.

"ಯಾಕಕ್ಕ, ಹುಷಾರಿಲ್ವಾ?" ಅಂತ ಕೇಳಿದೆ.

"ಕಾಯಿಲೆ ಏನೂ ಇಲ್ಲ ಮೇಡಂ. ಸುಮ್ನೆ ಸುಸ್ತು. ಮನೇಲಿ ನಮ್ಮತ್ತೆ ಸೋಮಾರಿ ಅಂತಾರೆ. ಲೈನಲ್ಲಿ ಸೂಪರ್‌ವೈಸರೂ ಹಂಗೇ ಅಂತಾನೆ. ನಂಗೂ ಈಗ ಹಂಗೇ ಅನ್ಸುತ್ತೆ" ಅಂದರು.

ಪಕ್ಕದಲ್ಲಿದ್ದ ಇನ್ನೊಬ್ಬ ಅಕ್ಕ ಮೆಲ್ಲಗೆ ಹೇಳಿದರು: "ಇವಳಿಗೆ ಸೋಮಾರಿ ಅಂತಾರೆ. ನಂಗೆ ಮೂರೂ ಹೆಣ್ಣೇ ಹೆತ್ತೆ ಅಂತ ಬೈತಾರೆ. ಒಬ್ಬೊಬ್ಬರಿಗೆ ಒಂದೊಂದು."

ಎರಡೂ ದೂರು. ಎರಡೂ ಹೆಂಗಸಿನ ತಲೆ ಮೇಲೆ. ಈ ದೂರುಗಳು ನಿಜವೇ? ಇದಕ್ಕೆ ಉತ್ತರ ನಮ್ಮ ಮೈಯೊಳಗೇ ಇದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಜಾಗದಲ್ಲಿದೆ. ಆ ಜಾಗದ ಹೆಸರು ಜೀವಕೋಶ. ಬನ್ನಿ, ಅದರೊಳಗೆ ಹೋಗಿ ನೋಡೋಣ.

ಈರುಳ್ಳಿ ಪೊರೆಯಲ್ಲಿ ಇಟ್ಟಿಗೆ ಗೋಡೆ

ಒಂದು ಭಾನುವಾರ ಎಲ್ಲರನ್ನೂ ನಾನು ಪಾಠ ಮಾಡುವ ಶಾಲೆಗೆ ಕರೆದುಕೊಂಡು ಹೋದೆ. ಅಲ್ಲಿ ಸೂಕ್ಷ್ಮದರ್ಶಕ ಇದೆ. ಚಿಕ್ಕ ವಸ್ತುವನ್ನು ನೂರಾರು ಪಟ್ಟು ದೊಡ್ಡದು ಮಾಡಿ ತೋರಿಸುವ ಯಂತ್ರ ಅದು.

ಒಂದು ಈರುಳ್ಳಿ ಹೆಚ್ಚಿದೆವು. ಅದರ ಪದರದ ಒಳಬದಿಯಲ್ಲಿ ತೆಳುವಾದ ಪೊರೆ ಇರುತ್ತದೆ. ಅಡುಗೆ ಮಾಡುವಾಗ ನೀವೆಲ್ಲ ನೋಡಿದ್ದೀರಿ. ಆ ಪೊರೆಯ ಚೂರನ್ನು ಗಾಜಿನ ಮೇಲೆ ಇಟ್ಟು, ಒಂದು ಹನಿ ನೀರು, ಒಂದು ಹನಿ ಬಣ್ಣ ಹಾಕಿದೆವು. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು.

"ಅಯ್ಯೋ, ಇಟ್ಟಿಗೆ ಗೋಡೆ ಕಟ್ಟಿದಂಗೆ ಇದೆ!" ಅಂದರು ಒಬ್ಬರು. ಅವರ ಯಜಮಾನರು ಗಾರೆ ಕೆಲಸದವರು.

ನಿಜ. ಸಾಲು ಸಾಲು ಕೋಣೆಗಳು. ಪ್ರತಿ ಕೋಣೆಯಲ್ಲೂ ಒಂದು ಚುಕ್ಕೆ. ಆ ಒಂದೊಂದು ಕೋಣೆಯೂ ಒಂದೊಂದು ಜೀವಕೋಶ. ಇಟ್ಟಿಗೆ ಸೇರಿ ಮನೆ ಆಗುತ್ತದೆ. ಜೀವಕೋಶ ಸೇರಿ ಗಿಡ ಆಗುತ್ತದೆ, ಹಸು ಆಗುತ್ತದೆ, ಮನುಷ್ಯ ಆಗುತ್ತದೆ. ಆದರೆ ಇಟ್ಟಿಗೆಗೆ ಜೀವ ಇಲ್ಲ. ಜೀವಕೋಶಕ್ಕೆ ಜೀವ ಇದೆ. ಅದು ಆಹಾರ ತೆಗೆದುಕೊಳ್ಳುತ್ತದೆ. ಕೆಲಸ ಮಾಡುತ್ತದೆ. ಕಸ ಹೊರಗೆ ಹಾಕುತ್ತದೆ. ಒಂದು ಎರಡಾಗುತ್ತದೆ. ಕೊನೆಗೆ ಸಾಯುತ್ತದೆ.

ಈ ಕೋಣೆಗಳನ್ನು ಮೊದಲು ಕಂಡು ಬರೆದವರು ಇಂಗ್ಲೆಂಡಿನ ರಾಬರ್ಟ್ ಹುಕ್. ಇಸವಿ 1665. ಬಾಟಲಿಗೆ ಹಾಕುವ ಬಿರಡೆಯ ತೆಳು ಚೂರಿನಲ್ಲಿ ಅವರು ಇದನ್ನು ನೋಡಿದರು.

ಇನ್ನೊಬ್ಬರ ಕಥೆ ನಿಮಗೆ ಇಷ್ಟವಾಗಬಹುದು. ಅವರ ಹೆಸರು ಆಂಟನಿ ವಾನ್ ಲೇವೆನ್‌ಹುಕ್. ಹಾಲೆಂಡ್ ದೇಶದ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ. ಬಟ್ಟೆಯ ನೂಲು ಒತ್ತಾಗಿದೆಯೇ, ಬಿಡಿಯಾಗಿದೆಯೇ ಎಂದು ಆ ಕಾಲದ ವ್ಯಾಪಾರಿಗಳು ಮಸೂರ ಹಿಡಿದು ನೋಡುತ್ತಿದ್ದರು. ನಮ್ಮ ಚೆಕ್ಕಿಂಗ್ ಸೆಕ್ಷನ್ನಿನ ಅಕ್ಕಂದಿರು ಬಟ್ಟೆ ನೋಡುವ ಹಾಗೆ. ಲೇವೆನ್‌ಹುಕ್ ದೊಡ್ಡ ಓದು ಓದಿದವರಲ್ಲ. ಆದರೆ ತಮ್ಮ ಕೈಯಾರೆ ಒಳ್ಳೊಳ್ಳೆಯ ಮಸೂರ ಮಾಡಿಕೊಂಡರು. ಕೆರೆ ನೀರು ನೋಡಿದರು. ಹಲ್ಲಿನ ಕೊಳೆ ನೋಡಿದರು. 1674ರಲ್ಲಿ ರಕ್ತದ ಕೆಂಪು ಕಣಗಳನ್ನು ನೋಡಿ ಬರೆದರು. ಆ ಕೆಂಪು ಕಣದ ಮಾತು ಮುಂದೆ ಬರುತ್ತದೆ. ನೆನಪಿಟ್ಟುಕೊಳ್ಳಿ.

ಎಷ್ಟು ಚಿಕ್ಕದು? ಎಷ್ಟು ಇವೆ?

ನಿಮ್ಮ ಸ್ಕೇಲಿನಲ್ಲಿ ಒಂದು ಮಿಲಿಮೀಟರ್ ಗೆರೆ ನೋಡಿ. ಅಷ್ಟು ಜಾಗದಲ್ಲಿ ನೂರಕ್ಕೂ ಹೆಚ್ಚು ಕೆಂಪು ರಕ್ತಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಒಬ್ಬ ಮನುಷ್ಯರ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ ಎಂದು ವಿಜ್ಞಾನಿಗಳ ಅಂದಾಜು.

ಆದರೆ ನಾವೆಲ್ಲರೂ ಮೊದಲು ಒಂದೇ ಒಂದು ಜೀವಕೋಶ ಆಗಿದ್ದೆವು. ತಾಯಿಯ ಅಂಡಾಣು, ತಂದೆಯ ವೀರ್ಯಾಣು ಸೇರಿ ಆದ ಒಂದು ಕೋಶ. ಅದು ಎರಡಾಯಿತು. ಎರಡು ನಾಲ್ಕಾಯಿತು. ನಾಲ್ಕು ಎಂಟಾಯಿತು. ಹೀಗೆ ಬೆಳೆದು ಮಗು ಆಯಿತು.

ಕಾರ್ಖಾನೆ ಒಳಗೆ ಹೋಗೋಣ

ಜೀವಕೋಶ ಒಂದು ಗಾರ್ಮೆಂಟ್ಸ್ ಕಾರ್ಖಾನೆ ಇದ್ದ ಹಾಗೆ. ಗೇಟಿನಿಂದ ಶುರು ಮಾಡೋಣ.

ಗೇಟು: ಕೋಶದ ಸುತ್ತ ತೆಳುವಾದ ಪೊರೆ ಇದೆ. ಇದು ಕೋಶಪೊರೆ. ಕಾರ್ಖಾನೆ ಗೇಟಿನ ಹಾಗೆ ಬೇಕಾದ್ದನ್ನು ಒಳಗೆ ಬಿಡುತ್ತದೆ, ಬೇಡದ್ದನ್ನು ತಡೆಯುತ್ತದೆ. ನೀರು ಇದರ ಮೂಲಕ ಒಳಗೂ ಹೋಗುತ್ತದೆ, ಹೊರಗೂ ಬರುತ್ತದೆ. ರಾಮನವಮಿಗೆ ಕೋಸಂಬರಿ ಮಾಡುತ್ತೀರಲ್ಲ? ಹೆಚ್ಚಿದ ಸೌತೆಕಾಯಿಗೆ ಮೊದಲೇ ಉಪ್ಪು ಹಾಕಿದರೆ ಏನಾಗುತ್ತದೆ? ನೀರು ಬಿಡುತ್ತದೆ. ಹೊರಗೆ ಉಪ್ಪು ಜಾಸ್ತಿಯಾದಾಗ ಕೋಶದ ಒಳಗಿನ ನೀರು ಪೊರೆ ದಾಟಿ ಹೊರಗೆ ಬರುತ್ತದೆ. ಅದಕ್ಕೇ ಕೋಸಂಬರಿಗೆ ಬಡಿಸುವ ಹೊತ್ತಿಗೆ ಉಪ್ಪು ಹಾಕುತ್ತೇವೆ.

ಕೆಲಸದ ಹಾಲ್: ಪೊರೆಯ ಒಳಗೆ ಲೋಳೆಯಂಥ ದ್ರವ ತುಂಬಿದೆ. ಇದು ಕೋಶದ್ರವ್ಯ. ಕೋಶದ ಎಲ್ಲ ಸಣ್ಣ ಭಾಗಗಳೂ ಇದರಲ್ಲಿ ಇವೆ. ಈ ಭಾಗಗಳಿಗೆ ಕಣದಂಗಗಳು ಎಂದು ಹೆಸರು.

ಪ್ಯಾಟರ್ನ್ ಇರುವ ಆಫೀಸು: ಈರುಳ್ಳಿ ಪೊರೆಯಲ್ಲಿ ನಾವು ಚುಕ್ಕೆ ನೋಡಿದೆವಲ್ಲ? ಅದೇ ಕೋಶಕೇಂದ್ರ. ಯಾವ ಅಳತೆ, ಯಾವ ತೋಳು, ಯಾವ ಕಾಲರ್ ಎಂದು ಪ್ಯಾಟರ್ನ್ ಹೇಳುತ್ತದೆ. ಹಾಗೆಯೇ ಕೋಶ ಏನು ಮಾಡಬೇಕು ಎಂಬ ಸೂಚನೆ ಕೋಶಕೇಂದ್ರದಲ್ಲಿದೆ. ಆ ಸೂಚನೆ ಬರೆದಿರುವುದು ಡಿಎನ್‌ಎ ಎಂಬ ಉದ್ದನೆಯ ಎಳೆಯಲ್ಲಿ. ಈ ಎಳೆ ಸುತ್ತಿಕೊಂಡು ವರ್ಣತಂತು ಆಗುತ್ತದೆ. ಮನುಷ್ಯರ ಕೋಶದಲ್ಲಿ 46 ವರ್ಣತಂತುಗಳು. 23 ತಾಯಿಯಿಂದ, 23 ತಂದೆಯಿಂದ.

ಹೊಲಿಗೆ ಲೈನು: ರೈಬೋಸೋಮ್ ಎಂಬ ಸಣ್ಣ ಸಣ್ಣ ಕಣಗಳಿವೆ. ಇವೇ ಟೈಲರುಗಳು. ಕೇಂದ್ರದಿಂದ ಬಂದ ಸೂಚನೆ ನೋಡಿ ಪ್ರೊಟೀನ್ ತಯಾರಿಸುತ್ತವೆ. ನಾವು ತಿಂದ ಬೇಳೆ, ಕಾಳು, ಮೊಟ್ಟೆಯಲ್ಲಿರುವ ಪ್ರೊಟೀನ್ ಹೊಟ್ಟೆಯಲ್ಲಿ ಚೂರು ಚೂರಾಗಿ ಇಲ್ಲಿಗೆ ಬರುತ್ತದೆ. ಕಟ್ ಮಾಡಿದ ಬಂಡಲ್ ಲೈನಿಗೆ ಬಂದ ಹಾಗೆ.

ಪ್ಯಾಕಿಂಗ್ ಸೆಕ್ಷನ್: ತಯಾರಾದ ಪ್ರೊಟೀನ್‌ಗಳಲ್ಲಿ ಅನೇಕ ಗಾಲ್ಗಿ ಎಂಬ ಭಾಗಕ್ಕೆ ಬರುತ್ತವೆ. ಇಲ್ಲಿ ಅದಕ್ಕೆ ಫಿನಿಷಿಂಗ್ ಆಗುತ್ತದೆ. ಪ್ಯಾಕ್ ಆಗುತ್ತದೆ. ಯಾವುದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೊರಡುತ್ತದೆ.

ಕಸದ ವಿಭಾಗ: ಹಳೆಯದು, ಕೆಟ್ಟದ್ದು ಎಲ್ಲವನ್ನೂ ಕರಗಿಸುವ ಚೀಲಗಳಿವೆ. ಇವು ಲೈಸೋಸೋಮ್. ಇವು ಬೇಕಾದ ಚೂರನ್ನು ಮತ್ತೆ ಬಳಕೆಗೆ ಕೊಡುತ್ತವೆ. ಇವು ಕೆಲಸ ನಿಲ್ಲಿಸಿದರೆ ಕೋಶದಲ್ಲಿ ಕಸ ತುಂಬಿ ರೋಗ ಬರುತ್ತದೆ.

ಜನರೇಟರ್ ರೂಮು: ಕರೆಂಟ್ ಹೋದರೆ ಇಡೀ ಲೈನ್ ನಿಲ್ಲುತ್ತದೆ. ಕೋಶಕ್ಕೂ ಶಕ್ತಿ ಬೇಕು. ಅದನ್ನು ಕೊಡುವುದು ಮೈಟೋಕಾಂಡ್ರಿಯಾ. ಊಟದಿಂದ ಬಂದ ಸಕ್ಕರೆ ಅಂಶವನ್ನು, ಉಸಿರಿನಿಂದ ಬಂದ ಆಮ್ಲಜನಕ ಸೇರಿಸಿ, ಇದು ಶಕ್ತಿ ಮಾಡುತ್ತದೆ. ದುಡಿಯುವ ಕೋಶದಲ್ಲಿ ಇವು ಹೆಚ್ಚು. ಹೃದಯದ ಕೋಶದಲ್ಲಿ ತುಂಬಾ ಇವೆ. ಅದು ಹಗಲೂ ರಾತ್ರಿ ದುಡಿಯುತ್ತದಲ್ಲ! ಇನ್ನೊಂದು ಸಂಗತಿ. ಮಗುವಿನ ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದ. ನಿಮ್ಮದು ನಿಮ್ಮ ಅಮ್ಮನಿಂದ. ಅವರದು ಅಜ್ಜಿಯಿಂದ.

ಗಿಡದ ಕೋಶದಲ್ಲಿ ಇನ್ನೂ ಮೂರು ವಿಶೇಷ ಇದೆ. ಪೊರೆಯ ಹೊರಗೆ ಗಟ್ಟಿಯಾದ ಗೋಡೆ ಇದೆ. ಹಸಿರು ಬಣ್ಣದ ಪತ್ರಹರಿತ್ತು ಇದೆ. ಅದು ಬಿಸಿಲು ಹಿಡಿದು ಆಹಾರ ಮಾಡುತ್ತದೆ. ನೀರು ತುಂಬಿದ ದೊಡ್ಡ ಚೀಲವೂ ಇದೆ. ಇದು ರಸದಾನಿ. ವಿಜಯನಗರ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವವರು ಆಗಾಗ ನೀರು ಚಿಮುಕಿಸುತ್ತಾರೆ. ಯಾಕೆ? ರಸದಾನಿಯ ನೀರು ಕಡಿಮೆಯಾದರೆ ಸೊಪ್ಪು ಬಾಡುತ್ತದೆ. ನೀರು ತುಂಬಿದ್ದರೆ ಬಿಗಿಯಾಗಿ ನಿಲ್ಲುತ್ತದೆ.

ಮೊದಲ ದೂರಿಗೆ ಉತ್ತರ

ಈಗ ಕೋಶಕೇಂದ್ರಕ್ಕೆ ವಾಪಸ್ ಹೋಗೋಣ. 46 ವರ್ಣತಂತುಗಳಲ್ಲಿ ಎರಡು, ಮಗು ಹೆಣ್ಣೋ ಗಂಡೋ ಎಂದು ತೀರ್ಮಾನ ಮಾಡುತ್ತವೆ. ಅವುಗಳ ಹೆಸರು ಎಕ್ಸ್ ಮತ್ತು ವೈ.

ಹೆಂಗಸಿನ ಕೋಶದಲ್ಲಿ ಎರಡೂ ಎಕ್ಸ್. ಗಂಡಸಿನ ಕೋಶದಲ್ಲಿ ಒಂದು ಎಕ್ಸ್, ಒಂದು ವೈ. ತಾಯಿ ಮಗುವಿಗೆ ಕೊಡಲು ಸಾಧ್ಯ ಇರುವುದು ಎಕ್ಸ್ ಮಾತ್ರ. ಅವಳ ಹತ್ತಿರ ಬೇರೆ ಇಲ್ಲವೇ ಇಲ್ಲ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು ಮಗು. ವೈ ಬಂದರೆ ಗಂಡು ಮಗು.

ಇದನ್ನು ಬೋರ್ಡಿನ ಮೇಲೆ ಬರೆದಾಗ ತರಗತಿ ಒಂದು ನಿಮಿಷ ಸುಮ್ಮನಾಯಿತು. ಮೂರು ಹೆಣ್ಣು ಮಕ್ಕಳ ತಾಯಿ ಎದ್ದು ಬಂದರು. ಬೋರ್ಡಿನ ಮೇಲಿದ್ದುದನ್ನು ತಮ್ಮ ಪುಸ್ತಕದಲ್ಲಿ ನಿಧಾನವಾಗಿ ಬರೆದುಕೊಂಡರು. "ಇದನ್ನ ಮನೇಲಿ ಓದಿ ಹೇಳ್ತೀನಿ" ಅಂದರು.

ತಂದೆಯನ್ನೂ ಬೈಯಬೇಡಿ. ಯಾವುದು ಸೇರಬೇಕು ಎಂಬುದು ಅವನ ಕೈಯಲ್ಲೂ ಇಲ್ಲ. ಹೆಣ್ಣು ಹುಟ್ಟುವುದು ತಪ್ಪೂ ಅಲ್ಲ. ಹೊಟ್ಟೆಯಲ್ಲಿರುವ ಮಗು ಹೆಣ್ಣೋ ಗಂಡೋ ಎಂದು ಪರೀಕ್ಷೆ ಮಾಡಿ ಹೇಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ.

ಎರಡನೇ ದೂರಿಗೆ ಉತ್ತರ

ಈಗ ಸುಸ್ತಿನ ಮಾತು. ಮೈಟೋಕಾಂಡ್ರಿಯಾಕ್ಕೆ ಆಮ್ಲಜನಕ ಬೇಕು ಎಂದು ಓದಿದಿರಿ. ಸೌದೆ ಒಲೆ ನೆನೆಸಿಕೊಳ್ಳಿ. ಸೌದೆ ಇದ್ದರೂ ಗಾಳಿ ಇಲ್ಲದಿದ್ದರೆ ಒಲೆ ಉರಿಯುತ್ತದೆಯೇ? ಇಲ್ಲ. ಅದಕ್ಕೇ ಊದುಗೊಳವೆಯಿಂದ ಊದುತ್ತೇವೆ. ಊಟ ಸೌದೆ. ಆಮ್ಲಜನಕ ಗಾಳಿ. ಈ ಗಾಳಿಯನ್ನು ಮೂಲೆ ಮೂಲೆಯ ಕೋಶಕ್ಕೂ ಹೊತ್ತು ತರುವವರು ಯಾರು? ಕೆಂಪು ರಕ್ತಕಣಗಳು.

ಕೆಂಪು ರಕ್ತಕಣವೂ ಒಂದು ಜೀವಕೋಶ. ಆದರೆ ವಿಚಿತ್ರ ಕೋಶ. ಅದು ಹುಟ್ಟುವುದು ಮೂಳೆಯ ಒಳಗಿನ ಮಜ್ಜೆಯಲ್ಲಿ. ಬೆಳೆಯುತ್ತಾ ತನ್ನ ಕೋಶಕೇಂದ್ರವನ್ನೇ ಹೊರಗೆ ಹಾಕುತ್ತದೆ. ಮೈಟೋಕಾಂಡ್ರಿಯಾವನ್ನೂ ಬಿಡುತ್ತದೆ. ಯಾಕೆ? ಹೊರೆ ಹೊರಲು ಜಾಗ ಬೇಕು. ಆ ಜಾಗದಲ್ಲೆಲ್ಲ ಹಿಮೋಗ್ಲೋಬಿನ್ ಎಂಬ ಪ್ರೊಟೀನ್ ತುಂಬಿಕೊಳ್ಳುತ್ತದೆ. ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣದ ಅಂಶ ಇದೆ. ಆ ಕಬ್ಬಿಣವೇ ಆಮ್ಲಜನಕವನ್ನು ಹಿಡಿದುಕೊಳ್ಳುವುದು. ರಕ್ತಕ್ಕೆ ಕೆಂಪು ಬಣ್ಣ ಬರುವುದೂ ಈ ಹಿಮೋಗ್ಲೋಬಿನ್‌ನಿಂದ.

ಕೆಂಪು ಕಣ ತಾನು ಹೊತ್ತ ಆಮ್ಲಜನಕವನ್ನು ತಾನು ಬಳಸುವುದಿಲ್ಲ. ಎಲ್ಲವನ್ನೂ ಬೇರೆ ಕೋಶಗಳಿಗೆ ಕೊಡುತ್ತದೆ.

"ಎಲ್ಲರಿಗೂ ಬಡಿಸಿ ಕೊನೆಗೆ ತಾನು ಹಸ್ಕೊಂಡು ಮಲಗೋ ಅಮ್ಮನ ಥರ" ಅಂದರು ಒಬ್ಬ ಅಕ್ಕ.

ಕಣ ಹಾಗಿರಲಿ. ನೀವು ಮಾತ್ರ ಹಾಗೆ ಇರಬೇಡಿ.

ಒಂದು ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಆಮೇಲೆ ಸಾಯುತ್ತದೆ. ಅದಕ್ಕೇ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣ ಮಾಡುತ್ತಲೇ ಇರಬೇಕು. ಸತ್ತ ಕಣದ ಕಬ್ಬಿಣವನ್ನು ಮೈ ಮತ್ತೆ ಬಳಸುತ್ತದೆ. ಆದರೆ ಹೆಂಗಸರಿಗೆ ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಬಸಿರಲ್ಲಿ ಮಗುವಿಗೆ ಕಬ್ಬಿಣ ಕೊಡಬೇಕು. ಹೆರಿಗೆಯಲ್ಲಿ ರಕ್ತ ಹೋಗುತ್ತದೆ. ಹೀಗೆ ಕಬ್ಬಿಣ ಖರ್ಚಾಗುತ್ತದೆ. ಅದಕ್ಕೇ ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣ ಬೇಕು, ಹೆಂಗಸಿಗೆ 29 ಮಿಲಿಗ್ರಾಂ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಈಗ ನಮ್ಮ ಮನೆಗಳಲ್ಲಿ ಯೋಚಿಸಿ. ಯಾರ ತಟ್ಟೆಗೆ ಸೊಪ್ಪು, ಮೊಟ್ಟೆ ಮೊದಲು ಬೀಳುತ್ತದೆ?

ಕಬ್ಬಿಣ ಸಾಲದಿದ್ದರೆ ಹಿಮೋಗ್ಲೋಬಿನ್ ಕಡಿಮೆ. ಹಿಮೋಗ್ಲೋಬಿನ್ ಕಡಿಮೆಯಾದರೆ ಕೋಶಕ್ಕೆ ಆಮ್ಲಜನಕ ಕಡಿಮೆ. ಜನರೇಟರ್ ಸರಿಯಾಗಿ ನಡೆಯುವುದಿಲ್ಲ. ಆಗ ಮೆಟ್ಟಿಲು ಹತ್ತಿದರೆ ಏದುಸಿರು. ಎದೆ ಡವಡವ. ತಲೆ ಸುತ್ತು. ಕಣ್ಣು ಕತ್ತಲೆ. ರೆಪ್ಪೆಯ ಒಳಗೆ, ಉಗುರಿನಲ್ಲಿ ಬಿಳಿಚಿಕೊಂಡ ಬಣ್ಣ. ಇದಕ್ಕೆ ರಕ್ತಹೀನತೆ ಎನ್ನುತ್ತಾರೆ. ಇದು ಸೋಮಾರಿತನ ಅಲ್ಲ. ಕೋಶಗಳು ಉಸಿರಿಗೆ ಒದ್ದಾಡುತ್ತಿವೆ ಎಂದು ಅರ್ಥ.

ಇದು ಒಬ್ಬಿಬ್ಬರ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. 15ರಿಂದ 49 ವರ್ಷದ ಹೆಂಗಸರಲ್ಲಿ, ದೇಶದಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಇತ್ತು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ.

ಹಾಗಾದರೆ ಏನು ಮಾಡಬೇಕು?

1. ಪರೀಕ್ಷೆ ಮಾಡಿಸಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ನಮ್ಮ ಕ್ಲಿನಿಕ್‌ಗೆ ಹೋಗಿ. ಇಎಸ್‌ಐ ಕಾರ್ಡ್ ಇರುವವರು ಇಎಸ್‌ಐ ಡಿಸ್ಪೆನ್ಸರಿಗೆ ಹೋಗಬಹುದು. ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆಯೇ ಇದೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಅಥವಾ ಹೆಚ್ಚು ಇರಬೇಕು. ಬಸುರಿಗೆ 11 ಅಥವಾ ಹೆಚ್ಚು. ಬಸುರಿಗೆ 7ಕ್ಕಿಂತ ಕಡಿಮೆ ಇದ್ದರೆ ತುಂಬಾ ಅಪಾಯ. ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

2. ಡಾಕ್ಟರು ಹೇಳಿದಷ್ಟು ದಿನ ಮಾತ್ರೆ ನುಂಗಿ. ಬಸುರಿಗೆ ನಾಲ್ಕನೇ ತಿಂಗಳಿನಿಂದ 180 ದಿನ, ಹೆರಿಗೆಯಾದ ಮೇಲೆ 180 ದಿನ ಕಬ್ಬಿಣದ ಮಾತ್ರೆ ಸರ್ಕಾರದಿಂದ ಉಚಿತ. ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ. ಹೆದರಬೇಡಿ. ಹೊಟ್ಟೆ ತೊಳಸಿದರೆ ಊಟ ಆದ ಮೇಲೆ ನುಂಗಿ. ಮಾತ್ರೆಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

3. ಊಟ ನೋಡಿಕೊಳ್ಳಿ. ನುಗ್ಗೆಸೊಪ್ಪು, ದಂಟಿನ ಸೊಪ್ಪು, ಹುರುಳಿ, ಅವರೆ, ರಾಗಿ ತಿನ್ನಿ. ತಿನ್ನುವವರು ಮೊಟ್ಟೆ, ಮಾಂಸ, ಲಿವರ್ ತಿನ್ನಿ. ಕಾಳನ್ನು ಮೊಳಕೆ ಕಟ್ಟಿ. ಸಾರಿಗೆ, ಪಲ್ಯಕ್ಕೆ ನಿಂಬೆರಸ ಹಿಂಡಿ. ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಿ. ಹುಳಿ ಹಣ್ಣು ಕಬ್ಬಿಣ ಮೈಗೆ ಹತ್ತುವ ಹಾಗೆ ಮಾಡುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಅಡುಗೆ ಮಾಡಿದರೂ ಒಳ್ಳೆಯದು.

4. ಊಟದ ಜೊತೆ, ಮಾತ್ರೆ ಜೊತೆ ಟೀ ಕಾಫಿ ಬೇಡ. ಅವು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

5. ಹೊಟ್ಟೆಯಲ್ಲಿ ಕೊಕ್ಕೆಹುಳು ಇದ್ದರೆ ರಕ್ತ ಹೀರುತ್ತದೆ. ಡಾಕ್ಟರನ್ನು ಕೇಳಿ ಹುಳದ ಮಾತ್ರೆ ತೆಗೆದುಕೊಳ್ಳಿ. ಮುಟ್ಟಿನಲ್ಲಿ ರಕ್ತ ತುಂಬಾ ಹೋಗುತ್ತಿದ್ದರೆ ನಾಚಿಕೊಳ್ಳದೆ ಹೇಳಿ. ರಕ್ತಹೀನತೆಗೆ ಬೇರೆ ಕಾರಣಗಳೂ ಇರುತ್ತವೆ. ಅದಕ್ಕೇ ಪರೀಕ್ಷೆ ಬೇಕು.

ಆ ಅಕ್ಕ ಏನು ಮಾಡಿದರು?

ಪಾಠ ಆದ ವಾರವೇ ಅವರು ಪರೀಕ್ಷೆ ಮಾಡಿಸಿದರು. ವರದಿ ಇಂಗ್ಲಿಷಿನಲ್ಲಿತ್ತು. ಆದರೆ ಅಂಕಿ ಓದಲು ಅವರಿಗೆ ಬರುತ್ತಿತ್ತು. 8.2 ಎಂದು ತಾವೇ ಓದಿದರು. 12ರಿಂದ 8.2 ಕಳೆದರು. 3.8 ಕಡಿಮೆ ಎಂದು ಲೆಕ್ಕ ಹಾಕಿದರು.

ಆ ಚೀಟಿಯನ್ನು ಅತ್ತೆಗೆ ತೋರಿಸಿದರು. ಅತ್ತೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲವಂತೆ. ಆಮೇಲೆ "ನಂಗೂ ಹಿಂಗೇ ಆಗ್ತಿತ್ತು ಕಣೇ, ನಿನ್ನ ವಯಸ್ಸಲ್ಲಿ" ಅಂದರಂತೆ. ಮರುದಿನ ಸೊಸೆ ಜೊತೆ ಅವರೂ ಪರೀಕ್ಷೆಗೆ ಹೋದರು.

ನಾಲ್ಕು ತಿಂಗಳ ಮೇಲೆ ಅಕ್ಕನ ಅಂಕಿ 11.4. ಇನ್ನೂ 12 ಆಗಿಲ್ಲ. ಮಾತ್ರೆ ನಿಲ್ಲಿಸಿಲ್ಲ. ಹದಿನೆಂಟು ಮೆಟ್ಟಿಲನ್ನು ಈಗ ಒಂದೇ ಉಸಿರಿಗೆ ಹತ್ತುತ್ತಾರೆ. ಮೇಲೆ ಬಂದು ಕಿಟಕಿ ತೆಗೆಯುವವರು ಅವರೇ.

ಹೊಸ ಪದಗಳು

ಜೀವಕೋಶ: ಜೀವಿಗಳ ಮೈ ಕಟ್ಟಿರುವ ಅತಿ ಚಿಕ್ಕ ಜೀವಂತ ಭಾಗ
ಕಣದಂಗ: ಜೀವಕೋಶದ ಒಳಗೆ ಕೆಲಸ ಮಾಡುವ ಸಣ್ಣ ಭಾಗ
ಕೋಶಕೇಂದ್ರ: ಕೋಶಕ್ಕೆ ಸೂಚನೆ ಇರುವ ಜಾಗ
ಮೈಟೋಕಾಂಡ್ರಿಯಾ: ಕೋಶಕ್ಕೆ ಶಕ್ತಿ ಕೊಡುವ ಭಾಗ
ಹಿಮೋಗ್ಲೋಬಿನ್: ಆಮ್ಲಜನಕ ಹೊರುವ ಕಬ್ಬಿಣದ ಅಂಶದ ಪ್ರೊಟೀನ್
ರಕ್ತಹೀನತೆ: ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ಇರುವುದು

ಉತ್ತರ ಹೇಳಿ

1. ಮಗು ಹೆಣ್ಣೋ ಗಂಡೋ ಎಂಬುದು ಯಾರಿಂದ ಬಂದ ವರ್ಣತಂತುವಿನಿಂದ ತೀರ್ಮಾನ ಆಗುತ್ತದೆ?
2. ಕೆಂಪು ರಕ್ತಕಣದಲ್ಲಿ ಯಾವ ಎರಡು ಭಾಗಗಳು ಇಲ್ಲ? ಯಾಕೆ?
3. ಊಟದ ಜೊತೆ ಟೀ ಯಾಕೆ ಬೇಡ?

ಲೆಕ್ಕ ಮಾಡಿ

ಕೆಂಪು ರಕ್ತಕಣ 120 ದಿನ ಬದುಕುತ್ತದೆ. ತಿಂಗಳಿಗೆ 30 ದಿನ ಎಂದರೆ ಎಷ್ಟು ತಿಂಗಳು ಆಯಿತು?

ಮಾಡಿ ನೋಡಿ

ಸೌತೆಕಾಯಿ ಹೆಚ್ಚಿ ಎರಡು ಬಟ್ಟಲಿಗೆ ಹಾಕಿ. ಒಂದಕ್ಕೆ ಉಪ್ಪು ಹಾಕಿ. ಇನ್ನೊಂದಕ್ಕೆ ಬೇಡ. ಅರ್ಧ ಗಂಟೆ ಬಿಟ್ಟು ನೋಡಿ. ಯಾವುದರಲ್ಲಿ ನೀರು ಹೆಚ್ಚು? ಕಾರಣವನ್ನು ಮನೆಯವರಿಗೆ ಹೇಳಿ.

ಬರೆಯಿರಿ

ನನ್ನ ಹಿಮೋಗ್ಲೋಬಿನ್ ......... ಪರೀಕ್ಷೆ ಮಾಡಿಸಿದ ದಿನ .........